ಕಡ್ಡಿಯ ಮೂಳೆ

ಕಡ್ಡಿ ಎಂಬ ಹೆಸರು ಇಟ್ಟದ್ದು ಅವಳ ಅಕ್ಕ, ರೇಗಿಸಲಿಕ್ಕೆ. ಕ್ರೀಡಾ ಹಾಸ್ಟೆಲಿನ ಕೋಚ್ ಅದನ್ನೇ ಹೊಗಳಿಕೆಯಾಗಿಸಿದ. ಅವನ ಪ್ರಕಾರ ಹತ್ತು ಸಾವಿರ ಮೀಟರ್ ಓಡುವ ಹುಡುಗಿ ಎಷ್ಟು ಹಗುರವೋ ಅಷ್ಟು ವೇಗ. ಬೆಳಿಗ್ಗೆ ಎದ್ದ ಕೂಡಲೇ ಹುಡುಗಿಯರನ್ನು ತೂಕದ ಯಂತ್ರದ ಮೇಲೆ ಹತ್ತಿಸುತ್ತಿದ್ದ. ತೂಕ ಏರಿದವಳಿಗೆ ಎಲ್ಲರೆದುರೇ, "ಏನಮ್ಮ, ಓಡೋದಕ್ಕೆ ಬಂದ್ಯೋ ಉರುಳೋದಕ್ಕೆ ಬಂದ್ಯೋ?" ಎನ್ನುತ್ತಿದ್ದ. ಆ ದಿನ ಅವಳ ತಟ್ಟೆ ಅರ್ಧ ಖಾಲಿ. ಕಡ್ಡಿಗೆ ಆ ಮಾತು ಒಮ್ಮೆಯೂ ಬೀಳಲಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

ಆ ಹಾಸ್ಟೆಲಿನಲ್ಲಿ ಒಂದು ನಂಬಿಕೆ ಇತ್ತು. ಅದನ್ನು ಮೊದಲು ಹೇಳಿದವರ ಬಾಯಿಗಿಷ್ಟು ಮಣ್ಣು ಬೀಳಲಿ. ತಿಂಗಳ ಮುಟ್ಟು ನಿಂತರೆ ಮೈ ಓಟಕ್ಕೆ ಹದವಾಯಿತು ಎಂದು ಅರ್ಥವಂತೆ. ಬಟ್ಟೆ ಒಗೆಯುವ ಕಡೆ ದೊಡ್ಡ ಹುಡುಗಿಯರು ಚಿಕ್ಕವರನ್ನು, "ನಿಂತಿತಾ?" ಎಂದು ಪರೀಕ್ಷೆಯ ಫಲಿತಾಂಶ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. ಕಡ್ಡಿ ರಜೆಗೆ ಬಂದಾಗ ಅಮ್ಮನಿಗೆ ಬೀಗುತ್ತಲೇ ಸುದ್ದಿ ಹೇಳಿದಳು. ಅಮ್ಮ ಕೈಯ ಕೆಲಸ ಬಿಟ್ಟು ಎದ್ದಳು.

"ಡಾಕ್ಟರಿಗೆ ತೋರಿಸೋಣ ಬಾರೇ."

"ನಿಂಗೆ ಓಟ ಅಂದ್ರೆ ಏನು ಗೊತ್ತಮ್ಮಾ," ಎಂದು ಕಡ್ಡಿ ನಕ್ಕುಬಿಟ್ಟಳು.

ಮುಂದಿನ ವರ್ಷವೇ ಅವಳು ಇಡೀ ದೇಶಕ್ಕೆ ಮೊದಲು ಬಂದಳು. ಸುಳ್ಳು ಯಾಕೆ ಹೇಳಬೇಕು, ಆ ಓಟ ನೋಡಲು ಎರಡು ಕಣ್ಣು ಸಾಲದಾಗಿತ್ತು. ಆಮೇಲೆ ಮೊಣಕಾಲ ಕೆಳಗಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿತು. ಅದು ವಾಸಿಯಾಯಿತು ಅನ್ನುವಷ್ಟರಲ್ಲಿ ಪಾದದ್ದು. "ನೋವನ್ನ ತಲೆಗೆ ಹಚ್ಕೋಬೇಡ," ಎಂದ ಕೋಚ್. ಅವಳು ಹಚ್ಚಿಕೊಳ್ಳಲಿಲ್ಲ. ಕೊನೆಗೊಂದು ಓಟದ ನಡುವೆ ಸೊಂಟದ ಕೀಲಿನ ಹತ್ತಿರ ಲಟಕ್ಕೆಂದಿತು. ಅವಳನ್ನು ಮೈದಾನದಿಂದ ಎತ್ತಿಕೊಂಡೇ ಹೋದರು.

"ಇದು ನಿಮ್ಮಜ್ಜಿ ಮೂಳೆ ಇದ್ದ ಹಾಗಿದೆಯಲ್ಲಮ್ಮ," ಎಂದರು ಎಕ್ಸ್‌ರೇ ನೋಡಿದ ಡಾಕ್ಟರು. ಊಟ ಬಿಟ್ಟದ್ದಕ್ಕೆ ಮುಟ್ಟು ನಿಂತದ್ದು, ಅದು ನಿಂತದ್ದಕ್ಕೆ ಮೂಳೆ ಟೊಳ್ಳಾದದ್ದು ಎಂದು ಬಿಡಿಸಿ ಹೇಳಿದವರೂ ಅವರೇ. ಕೋಚ್ ಮಹಾಶಯ ಆಸ್ಪತ್ರೆಯ ಕಡೆ ತಲೆಹಾಕಿಯೂ ಮಲಗಲಿಲ್ಲ.

ಈಗ ಕಡ್ಡಿ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೂತು ಹೊದಿಕೆ ಮಡಚುತ್ತಾಳೆ. ಎಡಗಾಲು ಎಳೆದು ನಡೆಯುತ್ತಾಳೆ, ಜೋರಾಗಿ ಕೆಮ್ಮಲಿಕ್ಕೂ ಹೆದರುತ್ತಾಳೆ. ಮದುವೆಯಾಗಿತ್ತು. ಮಕ್ಕಳಾಗಲಿಲ್ಲ, ಗಂಡನೂ ಉಳಿಯಲಿಲ್ಲ. ಇಷ್ಟೆಲ್ಲ ಕಣ್ಣೆದುರೇ ಇದ್ದರೂ ಅಕ್ಕನ ಮಗಳು ಅದೇ ಹಾಸ್ಟೆಲು ಸೇರಿದಳು, ಅದೇ ಕೋಚ್ ಕೈಕೆಳಗೆ. ಕಡ್ಡಿ ಬೇಡ ಬೇಡ ಎಂದು ಬಡಿದುಕೊಂಡದ್ದೇ ಬಂತು. ಕಾಲ ಬದಲಾಗಿದೆ ಎಂದು ಅಕ್ಕನೇ ಅವಳ ಬಾಯಿ ಮುಚ್ಚಿಸಿದಳು. ರಜೆಗೆ ಬಂದ ಮಗಳು ಗಲ್ಲದ ಮೂಳೆ ತೋರಿಸಿಕೊಂಡು, "ಅಮ್ಮಾ, ನಂಗೂ ನಿಂತುಹೋಯ್ತು," ಎಂದು ನಕ್ಕಾಗ ಅಕ್ಕನಿಗೆ ತಂಗಿಯ ಮಾತು ಅರ್ಥವಾಯಿತು. ರಜೆ ಮುಗಿದು ಮಗಳು ಹೊರಟ ಮಾರನೆಯ ದಿನ ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

"ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ನೀನು ಹೇಳಿದ್ರೆ ಕೇಳ್ತಾಳೆ. ಹೋಗಿ ಕರ್ಕೊಂಡು ಬಾರೇ."

ಕಡ್ಡಿ ಹೋದಳು. ಹುಡುಗಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಕಡ್ಡಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಮುರಿದದ್ದು, ಡಾಕ್ಟರು ಅಂದದ್ದು, ಮಕ್ಕಳಾಗದ್ದು, ಯಾರಿಗೂ ಹೇಳದ್ದನ್ನೂ ಬಿಡಲಿಲ್ಲ. ಹುಡುಗಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಚಿಕ್ಕಮ್ಮ, ನೀನು ಗೆದ್ದಿದ್ದು ಅದು ನಿಂತ ಮೇಲೇ ಅಲ್ವಾ?"

"ಹೂಂ."

"ಹಿಂಗೆಲ್ಲ ಆಗುತ್ತೆ ಅಂತ ಆಗ್ಲೇ ಯಾರಾದ್ರೂ ಹೇಳಿದ್ರೆ ಬಿಟ್ಟುಬಿಡ್ತಿದ್ಯಾ?"

ಬಿಡ್ತಿದ್ದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಎಂಥೆಂಥದಕ್ಕೋ ಸುಳ್ಳು ಹೇಳುತ್ತೇವೆ. ಆದರೆ ಕಡ್ಡಿಗೆ ತಾನು ಗೆದ್ದ ಓಟದ ಕೊನೆಯ ಸುತ್ತು ನೆನಪಾಯಿತು. ಎಲ್ಲರನ್ನೂ ಹಿಂದೆ ಹಾಕಿ, ಕಾಲು ನೆಲಕ್ಕೆ ತಾಗುವುದೂ ಗೊತ್ತಾಗದೆ ಓಡಿದ್ದು. ಬದುಕಿನಲ್ಲಿ ಅವಳಿಗೆ ಸಿಕ್ಕ ಸುಖ ಅಷ್ಟೇ.

"ಇಲ್ಲ," ಎಂದುಬಿಟ್ಟಳು.

"ನೋಡಿದ್ಯಾ," ಎಂದಳು ಹುಡುಗಿ. ಚಿಕ್ಕಮ್ಮನನ್ನು ಮೆತ್ತಗೆ ತಬ್ಬಿಕೊಂಡು, ಎದ್ದು ಮೈದಾನಕ್ಕೆ ಹೋದಳು.

ಅಕ್ಕ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಕಡ್ಡಿ ಒಬ್ಬಳೇ ಬರುವುದನ್ನು ಕಂಡು, "ಸರಿಯಾಗಿ ಹೇಳಿದ್ಯೇನೇ?" ಎಂದು ಕೇಳಿದಳು.

"ಎಲ್ಲ ಹೇಳ್ದೆ ಅಕ್ಕಾ."

"ಏನಂದ್ಲು ಮತ್ತೆ?"

ಕಡ್ಡಿ ಗೋಡೆ ಹಿಡಿದು ಚಪ್ಪಲಿ ಬಿಟ್ಟಳು.

"ನನ್ನ ಥರಾನೇ ಆಗ್ಬೇಕಂತೆ."