ದೂರು ಹೇಳದ ಮೆಲ್ಲಗಣ್ಣ

ಜೊತೆಗಾರರ ಕುಂದನ್ನು ಮುಚ್ಚಿಡುವವನೇ ಒಳ್ಳೆಯ ಜೊತೆಗಾರ ಎಂದು ನಂಬಿಸಿದವರು ಯಾರೋ, ಅವರನ್ನು ಒಮ್ಮೆ ತಿಜೋರಿಯ ಕೆಳಗೆ ನಿಲ್ಲಿಸಬೇಕು. ಬರಿಯ ಮಾತಿಗೆ ಹೇಳುತ್ತಿಲ್ಲ. ನಿಜವಾದ ಕಬ್ಬಿಣದ ತಿಜೋರಿ, ಕಡಿದಾದ ಮೆಟ್ಟಿಲು, ತಿಜೋರಿಗೆ ಸುತ್ತಿ ಬಿಗಿದ ಪಟ್ಟಿಗಳನ್ನು ಹಿಡಿದು ಮೇಲಿನಿಂದ ತಡೆಯಲು ಇಬ್ಬರು, ಕೆಳಗಿನಿಂದ ಭಾರ ಹೊರಲು ಇಬ್ಬರು.

ಮೇಲಿನವರಲ್ಲಿ ಒಬ್ಬ ಮೆಲ್ಲಗಣ್ಣ. ಮನೆ, ಕಚೇರಿಗಳ ಸಾಮಾನು ಸಾಗಿಸುವ ಕಂಪನಿಯಲ್ಲಿ ಭಾರ ಹೊರುತ್ತಲೇ ತಲೆ ನರೆತವನು. ಬೀರು ಇಳಿಸುವಾಗೆಲ್ಲ "ಮೆಲ್ಲಗೆ, ಮೆಲ್ಲಗೆ" ಎಂದು ಕೂಗಿ ಕೂಗಿ ಆ ಹೆಸರು ಅಂಟಿಕೊಂಡಿತು. ಊಟದ ಡಬ್ಬಿ ತೆರೆದರೂ ಯಾರಾದರೊಬ್ಬರು "ಮೆಲ್ಲಗಣ್ಣಾ, ಮುಚ್ಚಳ ಭಾರ ಇದೆ" ಎಂದು ಕಿಚಾಯಿಸದೆ ಬಿಡುವುದಿಲ್ಲ. ಒಮ್ಮೆ ಸಭೆಯಲ್ಲಿ ಸೂಪರ್‌ವೈಸರ್ ಅವನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದ: "ನೋಡಿ ಕಲೀರಿ. ಇಷ್ಟು ವರ್ಷದಲ್ಲಿ ಒಬ್ಬರ ಮೇಲೂ ದೂರು ಹೇಳಿಲ್ಲ. ಟೀಮ್ ಅಂದ್ರೆ ಇದು!"

ಚಪ್ಪಾಳೆ ಹೊಡೆದವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ್ದ ಅವನ ಬಾಮೈದನ ಬಲಗೈ ಬೆರಳುಗಳು ಆಗಾಗ ಜೋಮು ಹಿಡಿಯುತ್ತಿದ್ದವು. ಸುಡುವ ಲೋಟ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಗೊತ್ತಾದರೆ ಅವತ್ತೇ ಮನೆಗೆ ಅಟ್ಟುವ ಕಂಪನಿ ಅದು. ಕೈ ಸರಿಹೋಗುವವರೆಗೆ ಬೇರೆ ಕೆಲಸ ಕೊಡೋಣ ಎನ್ನುವ ಯೋಚನೆ ಅಲ್ಲಿ ಯಾರ ತಲೆಗೂ ಬರುವುದಿಲ್ಲ. "ನನ್ನ ತಮ್ಮನ ಹೆಂಡತಿ ತುಂಬು ಬಸುರಿ ರೀ. ನೀವು ಬಾಯಿ ಬಿಡಬೇಡಿ, ಅಷ್ಟೇ ಸಾಕು," ಎಂದು ಮೆಲ್ಲಗಣ್ಣನ ಹೆಂಡತಿ ಗಂಟುಬಿದ್ದಿದ್ದಳು. ಅವನು ಬಾಯಿ ಬಿಡಲಿಲ್ಲ. ಬಾಮೈದನನ್ನು ಸದಾ ಮೇಲೆ, ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವನ ಪಾಲಿನ ಭಾರವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

ಆ ದಿನ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಿಂದ ತಿಜೋರಿ ಇಳಿಯುತ್ತಿತ್ತು. ಕೆಳಗೆ, ಗೂಳಿ ಎಂದೇ ಎಲ್ಲರೂ ಕರೆಯುವ ಗಟ್ಟಿ ಆಳು, ಅವನ ಪಕ್ಕ ಲಾರಿ ಡ್ರೈವರ್. ಮೆಟ್ಟಿಲು ತಿರುಗುವ ಕಡೆ ಡ್ರೈವರನ ಹೊಟ್ಟೆ ಗೋಡೆಗೂ ತಿಜೋರಿಗೂ ನಡುವೆ ಸಿಕ್ಕಿಕೊಂಡಿತು.

"ನಿನ್ನನ್ನ ಇಳಿಸೋಕೆ ಇನ್ನೊಂದು ಲಾರಿ ಬೇಕೇನೋ," ಎಂದ ಗೂಳಿ.

ಸೂಪರ್‌ವೈಸರ್‌ಗೆ ನಗು ಬರಲಿಲ್ಲ. ತಿಜೋರಿಯನ್ನು ಆ ತಿರುವಿನಲ್ಲೇ ಇಡಿಸಿ, "ನೀನು ಮೇಲೆ ಹೋಗಯ್ಯ. ಏ ಕಡ್ಡಿ, ನೀನು ಕೆಳಗೆ ಬಾ," ಎಂದು ಬಾಮೈದನಿಗೆ ಕೈ ತೋರಿಸಿದ.

ಬಾಮೈದ ಭಾವನ ಮುಖ ನೋಡಿದ. ಭಾವ ಗೋಡೆ ನೋಡಿದ. ಆಗ ಒಂದೇ ಮಾತು ಸಾಕಿತ್ತು.

ಅವರಲ್ಲಿ ಒಂದು ಕಟ್ಟುಪಾಡಿದೆ. ಎಲ್ಲರೂ "ಹಿಡ್ದೆ" ಎಂದ ಮೇಲೆಯೇ ಭಾರ ಏಳಬೇಕು. ಯಾರೇ "ವಾಪಸ್" ಎಂದರೂ ಉಳಿದವರು ಯಾಕೆ ಎನ್ನಬಾರದು. ಮೊದಲು ಭಾರ ನೆಲ ಸೇರಬೇಕು, ಜಗಳ ಆಮೇಲೆ.

"ಹಿಡ್ದೆ," ಎಂದ ಗೂಳಿ. "ಹಿಡ್ದೆ," ಮೇಲಿನಿಂದ ಡ್ರೈವರ್. "ಹಿಡ್ದೆ," ಎಂದ ಬಾಮೈದನೂ, ಗಟ್ಟಿಯಾಗಿಯೇ.

ಕೊನೆಗೆ ಮೆಲ್ಲಗಣ್ಣನೂ "ಹಿಡ್ದೆ" ಎಂದ. ತಿಜೋರಿ ಎದ್ದು ಮೆಟ್ಟಿಲಿನ ಅಂಚು ದಾಟಿತು. ಮೇಲಿನಿಂದ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಬಾಮೈದನ ಬಲಗೈಯಿಂದ ಪಟ್ಟಿ ಒಂದೊಂದೇ ಬೆರಳು ಬಿಡಿಸಿಕೊಂಡು ಜಾರುತ್ತಿದೆ, ಹುಡುಗನಿಗೆ ಅದರ ಅರಿವೇ ಇಲ್ಲ. ತಿಜೋರಿ ಗೂಳಿಯ ಎದೆಯ ಕಡೆಗೆ ವಾಲಿತು. ಗೂಳಿಯ ಕತ್ತಿನ ನರ ಉಬ್ಬಿತು.

"ವಾಪಸ್!" ಎಂದು ಕೂಗಿದ ಮೆಲ್ಲಗಣ್ಣ.

ಮೇಲಿನವರಿಬ್ಬರೂ ಹಲ್ಲುಕಚ್ಚಿ ಎಳೆದರು. ಗೂಳಿ ಭುಜ ಕೊಟ್ಟು ನೂಕಿದ. ತಿಜೋರಿ ದಡ್ ಎಂದು ಹಿಂದಕ್ಕೆ ಕೂತಿತು. ಗೋಡೆಯ ಸುಣ್ಣ ಉದುರಿತು.

"ಏನ್ರೀ ಇದು ನಾಟಕ?" ಎಂದು ಸೂಪರ್‌ವೈಸರ್ ಕಿರುಚಿದ.

"ಅಣ್ಣಂಗೆ ಸೊಂಟ ಹಿಡ್ಕೊಂಡಿರಬೇಕು ಸಾರ್," ಎಂದ ಡ್ರೈವರ್ ಏದುಸಿರು ಬಿಡುತ್ತ.

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಮೈದನ ಕಣ್ಣುಗಳು ಅದನ್ನೇ ಬೇಡುತ್ತಿದ್ದವು. ಆದರೆ ಇನ್ನೊಂದು ಗಳಿಗೆಗೆ ಅದೇ ಕೈ ಅದೇ ಪಟ್ಟಿ ಹಿಡಿಯುತ್ತಿತ್ತು, ಕೆಳಗೆ ಅದೇ ಗೂಳಿ ಇರುತ್ತಿದ್ದ.

"ಸೊಂಟ ಅಲ್ಲ," ಎಂದ ಮೆಲ್ಲಗಣ್ಣ. "ಇವನ ಬೆರಳಿಗೆ ಜೋಮು ಹಿಡಿಯತ್ತೆ. ಪಟ್ಟಿ ಕೈಲಿದೆಯೋ ಇಲ್ವೋ ಇವನಿಗೇ ತಿಳಿಯಲ್ಲ. ನನಗೆ ಮೊದಲಿಂದ ಗೊತ್ತು. ಗೂಳಿ, ನಿನಗೆ ನಾನು ಹೇಳಲಿಲ್ಲ."

"ಭಾವಾ!"

ಗೂಳಿ ಬೆವರು ಒರೆಸಿಕೊಳ್ಳುವುದನ್ನೂ ಮರೆತ. "ಗೊತ್ತಿದ್ದೂ ನನ್ನ ಪಕ್ಕ ನಿಲ್ಲೋಕೆ ಬಿಟ್ಯಾ? ನನ್ನ ಮಕ್ಕಳಿಗೆ ಏನ್ ಹೇಳ್ತಿದ್ದೆ, ನಿಮ್ಮಪ್ಪ ಮೆಲ್ಲಗೆ ಸತ್ತ ಅಂತಲಾ?"

ಮೆಲ್ಲಗಣ್ಣ ಸೂಪರ್‌ವೈಸರ್ ಕಡೆ ತಿರುಗಿ, "ಇವನನ್ನ ಗೇಟಿಗೆ ಹಾಕಿ ಸಾರ್. ಲಾರಿ ಕಾಯಲಿ. ಕೈ ತೋರಿಸ್ಕೊಂಡು ಬರ್ತಾನೆ," ಎಂದ.

"ಇಷ್ಟು ದಿನ ಬಚ್ಚಿಟ್ಟು ಈಗ ಶಿಫಾರಸು ಬೇರೆಯಾ?" ಎಂದು ಸೂಪರ್‌ವೈಸರ್ ಬಾಮೈದನತ್ತ ತಿರುಗಿದ. "ಕಂಪನಿ ಅಂಗಿ ಬಿಚ್ಚಿಟ್ಟು ಹೋಗಪ್ಪಾ ನೀನು."

ಬಾಮೈದ ಎಡಗೈಯಿಂದಲೇ ಗುಂಡಿ ಬಿಚ್ಚಿ, ಭಾವನತ್ತ ತಿರುಗಿಯೂ ನೋಡದೆ ಬನಿಯನ್ನಿನಲ್ಲೇ ಬೀದಿಗಿಳಿದ.

ಮೆಲ್ಲಗಣ್ಣನದು ತಪ್ಪೇ, ನಾನು ಅವನ ವಕಾಲತ್ತು ಹಿಡಿಯುವುದಿಲ್ಲ. ಆದರೆ ಮುಚ್ಚಿಡುವುದನ್ನು ಕಲಿಸಿದ್ದು ಆ ಸಭೆಯಂಥ ಸಭೆಗಳ ಚಪ್ಪಾಳೆ. ನೋವು ಹೇಳಿಕೊಂಡವನ ಅಂಗಿ ಬಿಚ್ಚಿಸುವ ಜಾಗದಲ್ಲಿ ಒಗ್ಗಟ್ಟು ಎಂದರೆ ಒಟ್ಟಾಗಿ ಸುಳ್ಳು ಹೇಳುವುದು ಎಂದೇ ಅರ್ಥ. ಅದನ್ನು ಮುರಿಯಲು ಅವನು ಮನೆಯ ನೆಮ್ಮದಿಯನ್ನೇ ತೆರಬೇಕಾಯಿತು. ಹೆಂಡತಿ ಈಗ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ಬಾಮೈದನ ಮಗುವಿನ ಮುಖವನ್ನು ಅವನು ಇನ್ನೂ ನೋಡಿಲ್ಲ.

ಗೂಳಿಯೂ ಅವನೊಂದಿಗೆ ಕೂತು ಊಟ ಮಾಡುವುದಿಲ್ಲ. ಕ್ಷಮಿಸಿಲ್ಲ, ಕ್ಷಮಿಸುವ ಲಕ್ಷಣವೂ ಕಾಣುವುದಿಲ್ಲ. ಆದರೆ ಭಾರದ ಕೆಲಸ ಬಂದಾಗ ಅವನು ಮೊದಲು ತಲೆಯೆತ್ತಿ ನೋಡುತ್ತಾನೆ. ಮೇಲೆ ಮೆಲ್ಲಗಣ್ಣ ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ.