ವಾಯಿದೆ ಮೀರಿದ ಪೆಟ್ಟು

ಅಕ್ಕನನ್ನು ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡನೆಯ ವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ಭಾವ ಹೊಡೆದ ಏಟಿಗೆ ಅವಳ ಎಡಗಿವಿಯಿಂದ ರಕ್ತ ಬಂತು. ಕಾರ್ಕಳದಿಂದ ಅಮ್ಮ ಮತ್ತು ನಾನು ಹೋಗಿ ಅವಳನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೇಳಿದರೆ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದಳು ಎನ್ನಬೇಕೆಂದು ಅಮ್ಮ ಬಸ್ಸಿನಲ್ಲಿ ನನಗೆ ಹೇಳಿಕೊಟ್ಟಳು. ಅಮ್ಮನಿಗೆ ತುಳು ಬಿಟ್ಟರೆ ಬೇರೆ ಬಾರದು; ಹೈಸ್ಕೂಲು ಮುಗಿಸಿದ್ದವಳು ನಾನು. ಡಾಕ್ಟರು ಎರಡು ಸಲ ಕೇಳಿದರು. ಎರಡು ಸಲವೂ ನಾನು ಹಾಗೆಯೇ ಹೇಳಿದೆ. ಅವರು ಬರೆದುಕೊಂಡರು.

ತವರಿಗೆ ಬಂದ ಅಕ್ಕ ಮತ್ತೆ ಹೋಗಲಿಲ್ಲ. ಆ ಕಿವಿ ಪೂರಾ ಹೋಯಿತು. ಕೋರ್ಟಿನ ಮಾತು ಎತ್ತಿದಾಗಲೆಲ್ಲ ಅಪ್ಪ, ತಂಗಿಯ ಮದುವೆಯೊಂದು ಮುಗಿಯಲಿ ಎನ್ನುತ್ತಿದ್ದರು. ನನ್ನ ಮದುವೆ ತಡವಾಯಿತು. ಆಮೇಲೆ ನನ್ನ ಬಾಣಂತನ. ಅದನ್ನೂ ಅಕ್ಕನೇ ಮಾಡಿದಳು.

ಮಗುವಿಗೆ ಆರು ತಿಂಗಳಾದ ಮೇಲೆ ನಾವಿಬ್ಬರೂ ಉಡುಪಿಯ ಒಬ್ಬ ವಕೀಲರ ಬಳಿ ಹೋದೆವು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಆಸ್ಪತ್ರೆಯ ಚೀಟಿ ಓದಿ ಕನ್ನಡಕ ತೆಗೆದರು.

“ಪೆಟ್ಟಿಗೆ ಪರಿಹಾರ ಕೇಳುವ ದಾವೆಗೆ ಮೂರು ವರ್ಷದ ವಾಯಿದೆ ಉಂಟು. ನೀವು ಬಂದದ್ದು ಐದು ವರ್ಷ ಕಳೆದ ಮೇಲೆ. ಪೊಲೀಸರಿಗೆ ದೂರು ಕೊಡುವ ಎಂದರೆ, ಇದರಲ್ಲಿ ಜಾರಿ ಬಿದ್ದದ್ದು ಅಂತ ಉಂಟಲ್ಲ. ಹಾಗೆ ಹೇಳಿದ್ದು ಯಾರು?”

ನಾನು ತಲೆ ತಗ್ಗಿಸಿದೆ. ಅಕ್ಕನಿಗೆ ಅರ್ಧವೂ ಕೇಳಿಸಿರಲಿಲ್ಲ. ಎಂತ ಹೇಳಿದರು ಎಂದು ನನ್ನ ಮುಖ ನೋಡಿದಳು. ಅವಳ ಬಲಗಡೆಗೆ ಬಂದು ಎಲ್ಲವನ್ನೂ ನಾನೇ ಹೇಳಬೇಕಾಯಿತು, ಚೀಟಿಯ ವಿಷಯವನ್ನೂ.

ಅಕ್ಕ ವಕೀಲರಿಗೆ ಹೇಳಿದಳು: “ನನಗೆ ಇವತ್ತಿಗೂ ಕೇಳುವುದಿಲ್ಲವಲ್ಲ. ಅದಕ್ಕೆ ವಾಯಿದೆ ಇಲ್ವಾ?”

ಕಾನೂನು ಪೆಟ್ಟು ಬಿದ್ದ ದಿನದಿಂದ ಲೆಕ್ಕ ಹಿಡಿಯುತ್ತದೆ ಎಂದರು ಅವರು. ಹೇಳುವಾಗ ನಮ್ಮನ್ನು ನೋಡಲಿಲ್ಲ.

ಕಾರ್ಕಳದ ಬಸ್ಸಿನಲ್ಲಿ ಅವಳು ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಮನೆಯಲ್ಲಿ ಮಗುವಿಗೆ ಹಸಿವಾಗಿರಬಹುದು ಎಂದಳು, ಅಷ್ಟೆ.

ಮರುವರ್ಷ ಅಪ್ಪ ತೀರಿಕೊಂಡರು. ತಮ್ಮನಿಗೆ ಮದುವೆಯಾಯಿತು, ಮನೆಯಲ್ಲಿ ಅಕ್ಕ ಹೆಚ್ಚಾದಳು. ಹಿರಿಯರು ಕೂತು ಅವಳನ್ನು ಕಾಪುವಿಗೆ ಕಳಿಸುವುದೆಂದು ತೀರ್ಮಾನಿಸಿದರು. ಅವಳು ಬೇಡ ಎನ್ನಲಿಲ್ಲ. ಅಷ್ಟರಲ್ಲಿ ಅವಳು ಏನನ್ನೂ ಬೇಡ ಎನ್ನುವುದನ್ನು ಬಿಟ್ಟಿದ್ದಳು. ನಾನೂ ಬಾಯಿ ಬಿಡಲಿಲ್ಲ. ಕಟಪಾಡಿಯವರೆಗೆ ಜೊತೆಗೆ ಹೋದೆ. ಭಾವ ಅಲ್ಲಿಗೆ ಬಂದಿದ್ದರು. ನನ್ನ ಗಂಡನ ಕ್ಷೇಮ ವಿಚಾರಿಸಿ, ಅಕ್ಕನ ಚೀಲ ತೆಗೆದುಕೊಂಡು ಮುಂದೆ ನಡೆದರು. ಅವಳು ಹಿಂದೆ ಹೋದಳು.