ಒಬ್ಬನೇ ಮಾಡಿದ ಮೋರ್ಚಾ

ಗೆಳೆಯರೇ, ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಇವತ್ತು ಬೆಳಿಗ್ಗೆ ಕ್ರಾಂತಿಯಾಗಿದೆ. ಮೇಲಿನ ಮಹಡಿಗೆ ನೀರು ಬರುವುದಿಲ್ಲವೆಂದು ಹೋರಾಟದ ಹಾಡೊಂದನ್ನು ಕಟ್ಟುತ್ತಿದ್ದೆ. "ನೀರು ಕೊಡಿ!" ಎಂದು ಕೂಗಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಡಿಲೇ ಪ್ಲಗಿನ್ ಹಾಕಿದೆ. ಸ್ಪೀಕರಿನಲ್ಲಿ ಜೋರಾಗಿ ಹಾಕಿದರೆ, ನನ್ನೊಂದೇ ದನಿ ಮತ್ತೆ ಮತ್ತೆ ಮರುದನಿಸಿ ದೊಡ್ಡ ಗುಂಪಾಯಿತು.

ಸೆಕ್ರೆಟರಿ ಶೆಟ್ರು ಓಡಿಬಂದು ಬಾಗಿಲು ಬಡಿದರು. "ಗಲಾಟೆ ಬೇಡ ಮಾರಾಯ್ರೆ, ಸಂಜೆ ನೀರು ಬಿಡ್ತೇನೆ!"

ಬಾಗಿಲು ತೆರೆದೆ. ಬನಿಯನ್ನಿನಲ್ಲಿ ನಾನೊಬ್ಬನೇ.

"ಉಳಿದವರೆಲ್ಲಿ?"

"ಕಂಪ್ಯೂಟರಿನಲ್ಲಿ, ಅಂಕಲ್."

"ಹಾಗಾದ್ರೆ ನೀರೂ ಅದರಲ್ಲೇ ಹಿಡ್ಕೊ!"

ನನ್ನ ಹೋರಾಟಗಳಿಗೆಲ್ಲ ಮೂಗು ಮುರಿಯುವ ಅಮ್ಮ ಖಾಲಿ ಬಾಲ್ದಿ ಹಿಡಿದು ಹೊರಬಂದರು. "ಶೆಟ್ರೇ, ಬಿಡ್ತೇನೆ ಅಂದದ್ದು ನಾನು ಕೇಳಿದ್ದೇನೆ. ಬಿಡಿ!"

ಈಗ ಸಂಜೆ, ನಲ್ಲಿಯಲ್ಲಿ ನೀರು ಬರುತ್ತಿದೆ. ನಾನು ಓದಿದ ಕ್ರಾಂತಿಯ ಯಾವ ಕರಪತ್ರದಲ್ಲೂ ಅಮ್ಮನ ಬಾಲ್ದಿಯ ಪ್ರಸ್ತಾಪವೇ ಇಲ್ಲ.